ಚಟ್‌ಪಟ್ ಬಂತು ಅಂತ ರ್ಯಾಮ್ ಅಂಗಡಿಗೆ ಓಡಬೇಡಿ

ರಾಯಚೂರಿನಲ್ಲಿ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳಿವು. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗಲೇ ಒಬ್ಬರು ಕೇಳಿದರು: "8 ಜಿಬಿ ರ್ಯಾಮ್ ಅದ ಸರ್, ಆದ್ರೂ ರೆಕಾರ್ಡಿಂಗ್ ನಡುವ ಚಟ್‌ಪಟ್ ಅಂತದ. 16 ಹಾಕಿಸ್ಲೇನು?" ಇವತ್ತಿನ ಮಾತು ಪೂರ್ತಿ ಈ ಪ್ರಶ್ನೆಗೇ ಉತ್ತರ. ಹಾಕಿಸಬೇಡಿ, ಈಗಲೇ ಬೇಡ. ಹೆಚ್ಚಿನ ಸಲ ಆ ಚಟ್‌ಪಟ್‌ಗೂ ರ್ಯಾಮ್ ಎಷ್ಟಿದೆ ಅನ್ನೋದಕ್ಕೂ ಸಂಬಂಧ ಇರಲ್ಲ. ಮೆಮೊರಿಗೆ ಸಂಬಂಧ ಇದೆ, ಆದರೆ ಅದು ರ್ಯಾಮ್‌ನೊಳಗೇ ಇರುವ ಒಂದು ತುಂಡು. ತೀರಾ ಚಿಕ್ಕದು. ದುಡ್ಡು ಕೊಡದೆ ಬದಲಾಯಿಸಬಹುದಾದದ್ದು.

ಅದರ ಹೆಸರು ಬಫರ್. ಸ್ಲ್ಯಾಬ್ ಹಾಕುವುದನ್ನು ಎಲ್ಲರೂ ನೋಡಿದ್ದೀರಿ. ಕೆಳಗೆ ಕಾಂಕ್ರೀಟ್ ಕಲಸುತ್ತಾರೆ, ಏಣಿ ಮೇಲೆ ಸಾಲಾಗಿ ಜನ ನಿಂತು ಬುಟ್ಟಿ ಕೈ ಬದಲಾಯಿಸುತ್ತಾರೆ, ಮೇಲೆ ಮೇಸ್ತ್ರಿ ಸುರಿಯುತ್ತಾನೆ. ಬುಟ್ಟಿ ಚಿಕ್ಕದಾದರೆ ಬೇಗ ಬೇಗ ಬರುತ್ತೆ, ಆದರೆ ನಡುವೆ ಒಬ್ಬ ಬೆವರು ಒರೆಸಿಕೊಂಡರೂ ಸಾಲು ತಪ್ಪುತ್ತೆ. ಬುಟ್ಟಿ ದೊಡ್ಡದಾದರೆ ತುಂಬುವುದು ತಡ, ಮೇಲೆ ಬರುವುದು ತಡ, ಆದರೆ ಒಬ್ಬ ಸ್ವಲ್ಪ ನಿಂತರೂ ಕೆಲಸ ನಡೆಯುತ್ತೆ. ಮೈಕ್‌ನಿಂದ ಬಂದ ದನಿ ಕಂಪ್ಯೂಟರ್ ಒಳಗೆ ಹೋಗುವುದು ಇಂಥ ಬುಟ್ಟಿಗಳಲ್ಲೇ. ಬುಟ್ಟಿ ಸಮಯಕ್ಕೆ ಬರದಿದ್ದಾಗ ಆಗುವ ಖಾಲಿ ಜಾಗವೇ ನಿಮಗೆ ಕೇಳುವ ಚಟ್.

ಈಗ ಲೆಕ್ಕಕ್ಕೆ ಬರೋಣ. ಕಂಪ್ಯೂಟರ್ ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದುಕೊಳ್ಳುತ್ತೆ, ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ವಿಡಿಯೋ ಕೆಲಸದಲ್ಲಿ 48,000. ನೀವೆಲ್ಲ ಕೊನೆಗೆ ಯೂಟ್ಯೂಬ್‌ಗೆ ಹಾಕುವವರು, ಆದ್ದರಿಂದ 48,000 ಅಂತಲೇ ಇಟ್ಟುಕೊಳ್ಳೋಣ. ಬಫರ್ 64 ಸ್ಯಾಂಪಲ್ ಅಂತ ಇಟ್ಟರೆ ಒಂದು ಬುಟ್ಟಿಗೆ 1.33 ಮಿಲಿಸೆಕೆಂಡು. ಅಂದರೆ ಕಂಪ್ಯೂಟರ್ ಸೆಕೆಂಡಿಗೆ 750 ಸಲ, ಒಂದು ಸಲವೂ ತಪ್ಪದೆ, ಹೊತ್ತಿಗೆ ಸರಿಯಾಗಿ ಬುಟ್ಟಿ ಎತ್ತಬೇಕು. 256 ಇಟ್ಟರೆ 5.3 ಮಿಲಿಸೆಕೆಂಡು. 1024 ಇಟ್ಟರೆ 21.3.

ಆ ಬುಟ್ಟಿಗೆ ಎಷ್ಟು ಮೆಮೊರಿ ಬೇಕು? 256 ಸ್ಯಾಂಪಲ್, ಎರಡು ಚಾನೆಲ್, ಒಂದೊಂದಕ್ಕೆ 4 ಬೈಟ್. ಗುಣಿಸಿದರೆ 2 ಕೆಬಿ. ನಿಮ್ಮ 8 ಜಿಬಿಯಲ್ಲಿ ಇಂಥವು 40 ಲಕ್ಷಕ್ಕೂ ಜಾಸ್ತಿ ಹಿಡಿಸುತ್ತವೆ. ಜಾಗ ಸಾಲದೆ ಬುಟ್ಟಿ ತಡ ಆಗುತ್ತಿಲ್ಲ. ಎತ್ತುವವನಿಗೆ, ಅಂದರೆ ಪ್ರೊಸೆಸರ್‌ಗೆ, ಹೊತ್ತು ಸಿಗದೆ ತಡ ಆಗುತ್ತಿದೆ. 16 ಜಿಬಿ ಹಾಕಿಸಿದರೂ ಅವನಿಗೆ ಹೊತ್ತು ಸಿಗಲ್ಲ.

ಯೂಟ್ಯೂಬ್ ನೋಡಿ ಎಲ್ಲರೂ 64 ಇಟ್ಟುಕೊಂಡಿದ್ದೀರಿ, ಅಲ್ವಾ? ಕೈ ಎತ್ತಿದವರನ್ನು ನೋಡಿದರೆ ಹಾಗೇ ಅನ್ನಿಸುತ್ತೆ. ಆ ವಿಡಿಯೋ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ಬೇರೆ. ಗಿಟಾರ್ ತಂತಿ ಮೀಟಿ, ಅದರ ದನಿಯನ್ನು ಪ್ಲಗಿನ್ (ದನಿ ಬದಲಾಯಿಸುವ ಪುಟ್ಟ ಸಾಫ್ಟ್‌ವೇರ್) ಒಳಗೆ ಕಳಿಸಿ, ಅಲ್ಲಿಂದ ಬಂದದ್ದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ನುಡಿಸುವವರು ಅವರು. ಕೀಬೋರ್ಡ್ ಒತ್ತಿದ ಕೂಡಲೇ ಕಂಪ್ಯೂಟರ್‌ನಿಂದಲೇ ಪಿಯಾನೊ ಬರಬೇಕು. ಅವರಿಗೆ ತಡ ಆದರೆ ನುಡಿಸೋಕೇ ಆಗಲ್ಲ.

ನಾವು ರೆಕಾರ್ಡ್ ಮಾಡುವುದು ಏನು? ಇದು ಎಡೆದೊರೆ ನಾಡು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬರೆದ ಪದಗಳನ್ನು ಇವತ್ತಿಗೂ ಮನೆಮನೆಯಲ್ಲಿ ಹಾಡುತ್ತಾರೆ. ತತ್ವಪದ ಹಾಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಮುದಗಲ್ಲಿನ ಕಡೆ ಮೊಹರಂ ಪದ. ಸಿದ್ಧರಾಮ ಜಂಬಲದಿನ್ನಿಯವರ ಕಾಲದಿಂದ ವಚನ ಗಾಯನದ ರುಚಿ ಹತ್ತಿದ ಊರು ಇದು. ಇವರಲ್ಲಿ ಎಷ್ಟು ಮಂದಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರ್‌ನಿಂದ ವಾಪಸ್ ಬಂದ ತಮ್ಮದೇ ದನಿ ಕೇಳುತ್ತಾ ಹಾಡುತ್ತಾರೆ? ಯಾರೂ ಇಲ್ಲ. ಏಕತಾರಿ ಹಿಡಿದು ಕೂತು ಕಣ್ಣು ಮುಚ್ಚಿ ಹಾಡುತ್ತಾರೆ. ದನಿ ಕಂಪ್ಯೂಟರ್‌ಗೆ 5 ಮಿಲಿಸೆಕೆಂಡು ತಡವಾಗಿ ಹೋದರೂ ಅಷ್ಟೇ, 50 ತಡವಾಗಿ ಹೋದರೂ ಅಷ್ಟೇ. ಫೈಲ್‌ನಲ್ಲಿ ಒಂದೇ ಥರ ಕೂರುತ್ತೆ.

ಹಾಗಾಗಿ ನನ್ನ ಸಲಹೆ ಸುಲಭ. ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಹಾಡುವ ರೆಕಾರ್ಡಿಂಗ್ ಆದರೆ ಬಫರ್ 1024 ಇಡಿ. 2048 ಕೊಟ್ಟರೆ ಅದನ್ನೇ ಇಡಿ. 64ರಿಂದ ನಿಮಗೆ ಸಿಗುವ ಲಾಭ ಸೊನ್ನೆ, ನಷ್ಟ ಮಾತ್ರ ಪೂರ್ತಿ.

ನಷ್ಟ ಅಂದರೆ ಏನು ಅಂತ ಹಳ್ಳಿಗೆ ಹೋಗಿ ರೆಕಾರ್ಡ್ ಮಾಡಿದವರಿಗೆ ಗೊತ್ತು. ಮಾನ್ವಿ ಕಡೆಯ ಒಂದು ಮನೆಯ ಪಡಸಾಲೆ. ಅಜ್ಜ ಅರ್ಧ ಗಂಟೆ ಬಿಡದೆ ಹಾಡಿದ್ದಾರೆ. ಎರಡನೇ ಪದದ ನಡುವೆ ಎಲ್ಲೋ ಒಂದು ಚಟ್. ಇನ್ನೊಮ್ಮೆ ಹಾಡಿ ಅಂತ ಕೇಳಿದರೆ ಅವರು ಏಕತಾರಿ ಗೋಡೆಗೆ ಒರಗಿಸಿ, "ಮತ್ತ ಹಾಡ್ಲಾ? ಈಗ ದಮ್ಮಿಲ್ಲೋ ತಮ್ಮಾ. ನಾಳಿ ಬಾ" ಅಂತಾರೆ. ನಾಳೆ ಹೋದರೆ ತಾಳದವರು ಹತ್ತಿ ಬಿಡಿಸೋಕೆ ಹೋಗಿರ್ತಾರೆ. ಸ್ಟುಡಿಯೋದಲ್ಲಿ ಇನ್ನೊಂದು ಟೇಕ್ ತಗೊಳ್ಳೋಣ ಅನ್ನಬಹುದು. ಇಲ್ಲಿ ಹಾಗಲ್ಲ.

ಇಲ್ಲೇ ನಮ್ಮ ಕಡೆಯ ಇನ್ನೊಂದು ತಾಪತ್ರಯ ಹೇಳಿಬಿಡುತ್ತೇನೆ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಹೆಡ್‌ಫೋನ್‌ನಲ್ಲಿ 'ಗುಂಯ್' ಅಂತ ಶುರು. ಎಲ್ಲರೂ ಮಾಡುವುದು ಒಂದೇ, ಚಾರ್ಜರ್ ಕಿತ್ತು ಪಕ್ಕಕ್ಕಿಡುವುದು. ಗುಂಯ್ ನಿಂತಿತು, ಸಮಾಧಾನ. ಹತ್ತು ನಿಮಿಷ ಆದ ಮೇಲೆ ಚಟ್‌ಪಟ್ ಶುರು. ಯಾಕೆ? ಬ್ಯಾಟರಿಗೆ ಬಂದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್ ವೇಗ ಇಳಿಸಿಬಿಡುತ್ತೆ. ಅದರ ಮೇಲೆ ಯುಎಸ್‌ಬಿಗೆ ಹೋಗುವ ಕರೆಂಟ್ ಉಳಿಸೋಕೂ ನೋಡುತ್ತೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಡಬ್ಬಿ, ಅಂದರೆ ನಿಮ್ಮ ಆಡಿಯೋ ಇಂಟರ್‌ಫೇಸ್, ಇರೋದೇ ಆ ಯುಎಸ್‌ಬಿಯಲ್ಲಿ. ಮನೆಯಲ್ಲಿ ಚಾರ್ಜರ್ ಹಾಕಿ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಅಂದುಕೊಂಡು ಹೋಗಿರುತ್ತೀರಿ. ಅಲ್ಲಿ ಅದೇ ಸೆಟ್ಟಿಂಗ್ ಕೈ ಕೊಡುತ್ತೆ.

ಆದ್ದರಿಂದ ವಿಂಡೋಸ್‌ನ ಪವರ್ ಸೆಟ್ಟಿಂಗ್‌ಗೆ ಹೋಗಿ ಬ್ಯಾಟರಿಗೂ ಬೆಸ್ಟ್ ಪರ್ಫಾರ್ಮೆನ್ಸ್ ಇಡಿ, ಚಾರ್ಜರ್‌ಗೆ ಮಾತ್ರ ಅಲ್ಲ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಒಂದು ಇದೆ, ಅದನ್ನು ಎರಡೂ ಕಡೆ ಡಿಸೇಬಲ್ ಮಾಡಿ. ಬ್ಯಾಟರಿ ಸೇವರ್ ತಾನೇ ಆನ್ ಆಗದ ಹಾಗೆ ನೋಡಿಕೊಳ್ಳಿ. ಬ್ಯಾಟರಿ ಬೇಗ ಮುಗಿಯುತ್ತೆ, ಹೌದು. ಮುಗಿಯಲಿ.

ಇನ್ನು ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತೆ, ನಿಮಗೆ ನಾನು ಹೇಳಬೇಕಿಲ್ಲ. ಫ್ಯಾನ್ ಸದ್ದು ಮೈಕ್‌ಗೆ ಬೀಳುತ್ತೆ ಅಂತ ಫ್ಯಾನ್ ಆರಿಸುತ್ತೀರಿ. ಲ್ಯಾಪ್‌ಟಾಪನ್ನು ಮೈಕ್‌ನಿಂದ ದೂರ ಅಂತ ಹಾಸಿಗೆ ಮೇಲೆ ಇಡುತ್ತೀರಿ. ಅದರ ಗಾಳಿ ಕಿಂಡಿ ಮುಚ್ಚಿತು. ಒಳಗೆ ಕಾವು ಏರಿದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳೋಕೆ ನಿಧಾನ ಆಗುತ್ತೆ. ಮೊದಲ ಪದ ಚೆನ್ನಾಗಿ ಬಂದು ನಾಲ್ಕನೇ ಪದದಲ್ಲಿ ಚಟ್ ಬಂದರೆ ಮೊದಲು ಲ್ಯಾಪ್‌ಟಾಪ್ ಅಡಿಗೆ ಕೈ ಇಟ್ಟು ನೋಡಿ. ಎರಡು ಮರದ ತುಂಡು ಅಡಿಗಿಟ್ಟು ಎತ್ತರಿಸಿದರೆ ಎಷ್ಟೋ ವಾಸಿ.

ಸರಿ, ಇನ್ನೊಂದು ಬಗೆಯ ಕೆಲಸ. ಟ್ರ್ಯಾಕ್ ಮೊದಲೇ ಸಿದ್ಧ ಇದೆ, ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ಹಾಡಬೇಕು. ಭಕ್ತಿಗೀತೆ ಆಲ್ಬಮ್ ಮಾಡುವವರು ಹೀಗೇ ಮಾಡುತ್ತೀರಿ. ಇಲ್ಲಿ ತಡ ಮುಖ್ಯ ಆಗುತ್ತೆ. 256 ಇಟ್ಟರೆ ಒಳಗೆ ಹೋಗೋಕೆ 5.3, ಹೊರಗೆ ಬರೋಕೆ 5.3, ಜೊತೆಗೆ ಇಂಟರ್‌ಫೇಸ್ ಮತ್ತು ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ತಿನ್ನುವ ಒಂದಿಷ್ಟು. ಹತ್ತು ಹದಿನೈದು ಮಿಲಿಸೆಕೆಂಡು ಅಂತ ಹಿಡಿಯಿರಿ. ಇದು ದೊಡ್ಡದಾ? ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗೋಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡು ಬೇಕು. ಭಜನೆಯಲ್ಲಿ ಪೇಟಿಯವರಿಗೂ (ಹಾರ್ಮೋನಿಯಂ) ತಬಲಾದವರಿಗೂ ನಡುವೆ ಮೂರು ಮೀಟರ್ ಇದ್ದರೆ ಆಗಲೇ 9 ಮಿಲಿಸೆಕೆಂಡು ತಡ. ಯಾರ ತಾಳವೂ ತಪ್ಪಲ್ಲ. ಆದರೆ ಹಾಡುವವರ ವಿಷಯ ಬೇರೆ. ಅವರ ದನಿ ತಲೆಯೊಳಗಿನ ಮೂಳೆಯಿಂದ ಕಿವಿಗೆ ತಕ್ಷಣ ಮುಟ್ಟುತ್ತೆ, ಹೆಡ್‌ಫೋನ್‌ನದು ಆಮೇಲೆ ಬರುತ್ತೆ. ಎರಡೂ ಸೇರಿ ಡಬ್ಬದೊಳಗೆ ಹಾಡಿದ ಹಾಗೆ ಕೇಳುತ್ತೆ. "ನನ್ನ ದನಿ ನನಗ ಸರಿ ಕೇಳವಲ್ದು" ಅಂತ ಗಾಯಕಿ ಹೇಳಿದರೆ ಅವರಿಗೆ ಅನುಭವ ಇಲ್ಲ ಅಂತ ತಳ್ಳಿಹಾಕಬೇಡಿ.

ಇದಕ್ಕೆ ಬಫರ್ ಇಳಿಸುವುದಕ್ಕಿಂತ ಒಳ್ಳೆ ದಾರಿ ಇಂಟರ್‌ಫೇಸ್ ಮೇಲೇ ಇದೆ. ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿ. ಅದು ಮೈಕ್ ದನಿಯನ್ನು ಕಂಪ್ಯೂಟರ್‌ಗೆ ಹೋಗುವ ಮೊದಲೇ ಹೆಡ್‌ಫೋನ್‌ಗೆ ತಿರುಗಿಸುತ್ತೆ. ತಡ ಗೊತ್ತೇ ಆಗಲ್ಲ. ಅದನ್ನು ಒತ್ತಿ, ಸಾಫ್ಟ್‌ವೇರ್ ಒಳಗಿನ ಮಾನಿಟರ್ ಬಟನ್ ಆಫ್ ಮಾಡಿ. ಎರಡೂ ಇದ್ದರೆ ದನಿ ಎರಡೆರಡು ಸಲ ಬರುತ್ತೆ. ಸ್ವಲ್ಪ ರಿವರ್ಬ್, ಅಂದರೆ ದನಿಯ ಮೊಳಗು, ಇಲ್ಲದೆ ಹಾಡೋಕೆ ಬರಲ್ಲ ಅನ್ನುವ ಗಾಯಕರು ಇದ್ದಾರೆ. ಅವರಿಗೆ ಮಾತ್ರ 128ಕ್ಕೆ ಇಳಿಸಿ, ಬೇರೆ ಪ್ಲಗಿನ್‌ಗಳನ್ನೆಲ್ಲ ಆ ಹೊತ್ತಿಗೆ ಆಫ್ ಮಾಡಿಡಿ. ಮಿಕ್ಸಿಂಗ್‌ಗೆ ಕೂತಾಗ ಮತ್ತೆ 1024. ಒಂದೇ ಸಂಖ್ಯೆ ಇಟ್ಟು ಮರೆತುಬಿಡುವ ಸೆಟ್ಟಿಂಗ್ ಅಲ್ಲ ಇದು. ಕೆಲಸ ಬದಲಾದಂತೆ ಬದಲಾಯಿಸಬೇಕು.

ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಅಲ್ಲಿ ಬಫರ್ ಸ್ಯಾಂಪಲ್‌ನಲ್ಲಿ ಇರಲ್ಲ, ಮಿಲಿಸೆಕೆಂಡಿನಲ್ಲಿ ಇರುತ್ತೆ. ಸುಮ್ನೆ ಬಿಟ್ಟರೆ 100 ಇರುತ್ತೆ. ಒಂದೇ ಸಲದ ರೆಕಾರ್ಡಿಂಗ್‌ಗೆ ಅದು ಸಾಕು. ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಕಿದಾಗ ಹೊಸದು ಹಿಂದೆ ಮುಂದೆ ಕೂತರೆ ಪಕ್ಕದಲ್ಲೇ ಇರುವ ಲೇಟೆನ್ಸಿ ಕಾಂಪೆನ್ಸೇಷನ್ ಸಂಖ್ಯೆ ತಿದ್ದಬೇಕು. ಅದು ಮೊದಲಿಗೆ ಮೈನಸ್ 130 ಇರುತ್ತೆ. ರೀಪರ್, ಕ್ಯೂಬೇಸ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇಂಟರ್‌ಫೇಸ್ ಜೊತೆ ಬಂದ ಆಸಿಯೊ ಡ್ರೈವರ್ ಆರಿಸಿಕೊಳ್ಳಿ. ಆಸಿಯೊ ಅನ್ನೋದು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದು. ವಿಂಡೋಸ್‌ನ ಮಾಮೂಲಿ ಸದ್ದಿನ ದಾರಿ ಬಿಟ್ಟು ಇಂಟರ್‌ಫೇಸ್ ಜೊತೆ ನೇರವಾಗಿ ಮಾತಾಡುವ ವ್ಯವಸ್ಥೆ. ಇಂಟರ್‌ಫೇಸ್‌ಗೆ ಅದರದ್ದೇ ಡ್ರೈವರ್ ಇಲ್ಲದಿದ್ದಾಗ ಮಾತ್ರ ಆಸಿಯೊ ಫಾರ್ ಆಲ್ ಅನ್ನುವ ಎಲ್ಲಕ್ಕೂ ಹೊಂದುವ ಡ್ರೈವರ್ ಕಡೆ ಹೋಗಿ.

ಹಾಗಾದರೆ ರ್ಯಾಮ್ ಯಾವಾಗ ಬೇಕು? ಇದನ್ನು ಊಹೆ ಮಾಡಬೇಡಿ, ನೋಡಬಹುದು. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟಕ್ಕೆ ಹೋಗಿ. ಹಾರ್ಡ್ ಫಾಲ್ಟ್ಸ್ ಅಂತ ಒಂದು ಗ್ರಾಫ್ ಇರುತ್ತೆ. ಪ್ರೋಗ್ರಾಂ ಕೇಳಿದ ಮಾಹಿತಿ ರ್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದಾಗಲೆಲ್ಲ ಅದು ಏಳುತ್ತೆ. ಹೊಸ ಪ್ರೋಗ್ರಾಂ ತೆರೆದಾಗ ಎದ್ದರೆ ಚಿಂತೆ ಇಲ್ಲ. ಹಾಡು ರೆಕಾರ್ಡ್ ಆಗುತ್ತಿರುವಾಗಲೇ ಬಿಡದೆ ಏಳುತ್ತಿದ್ದರೆ ನಿಮಗೆ ನಿಜವಾಗಿ ರ್ಯಾಮ್ ಸಾಲುತ್ತಿಲ್ಲ. ಆಗಲೂ ಅಂಗಡಿಗೆ ಹೋಗುವ ಮೊದಲು ಬ್ರೌಸರ್ ಮುಚ್ಚಿ ಇನ್ನೊಮ್ಮೆ ನೋಡಿ.

ದನಿ ರೆಕಾರ್ಡ್ ಮಾಡೋಕೆ ರ್ಯಾಮ್ ಎಷ್ಟು ಕಡಿಮೆ ಸಾಕು ಅನ್ನೋದಕ್ಕೆ ಇನ್ನೊಂದು ಲೆಕ್ಕ. 24 ಬಿಟ್, 48,000ದಲ್ಲಿ ಒಂದು ಮೈಕ್‌ಗೆ ಸೆಕೆಂಡಿಗೆ 144 ಕೆಬಿ. ಎಂಟು ಮೈಕ್ ಇಟ್ಟರೂ ಸೆಕೆಂಡಿಗೆ 1.15 ಎಂಬಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಕೂಡ ಇದನ್ನು ಆರಾಮಾಗಿ ಬರೆಯುತ್ತೆ. ರ್ಯಾಮ್ ತಿನ್ನುವುದು ಮೈಕ್ ಅಲ್ಲ, ವಾದ್ಯದ ಲೈಬ್ರರಿ. ತಬಲಾ, ತಂಬೂರಿ, ವಯಲಿನ್ ಸೆಕ್ಷನ್ ಅಂತ ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್‌ನಲ್ಲಿ ತೆರೆದಾಗ ಅದು ಪ್ರತಿ ಸ್ವರದ ಶುರುವಿನ ತುಣುಕನ್ನು ರ್ಯಾಮ್‌ನಲ್ಲಿ ಇಟ್ಟುಕೊಂಡು, ಉಳಿದದ್ದನ್ನು ನುಡಿಸುವಾಗ ಡಿಸ್ಕ್‌ನಿಂದ ಎಳೆಯುತ್ತೆ. ಆ ತುಣುಕು ಎಷ್ಟು ಉದ್ದ ಅನ್ನೋದೇ ಪ್ರೀಲೋಡ್ ಸೆಟ್ಟಿಂಗ್. ಎಸ್‌ಎಸ್‌ಡಿ ಇದ್ದರೆ ಅದನ್ನು ಇಳಿಸಬಹುದು, ಡಿಸ್ಕ್ ಬೇಗ ಕೊಡುತ್ತೆ ಅಂತ. ಪರ್ಜ್ ಅಂತ ಇನ್ನೊಂದಿದೆ. ನಿಮ್ಮ ಹಾಡಿನಲ್ಲಿ ಬಾರದ ಸ್ವರಗಳನ್ನೆಲ್ಲ ರ್ಯಾಮ್‌ನಿಂದ ಹೊರಗೆ ಹಾಕುತ್ತೆ. ಟ್ರ್ಯಾಕ್ ಮುಗಿದಿದೆ, ಇನ್ನು ಬದಲಾಯಿಸಲ್ಲ ಅಂದರೆ ಫ್ರೀಜ್ ಮಾಡಿ. ಅದು ಮಾಮೂಲಿ ಆಡಿಯೋ ಫೈಲ್ ಆಗುತ್ತೆ, ರ್ಯಾಮ್ ಮತ್ತು ಪ್ರೊಸೆಸರ್ ಎರಡೂ ಹಗುರ. ಇಷ್ಟು ಮಾಡಿಯೂ ಹಾರ್ಡ್ ಫಾಲ್ಟ್ಸ್ ನಿಲ್ಲದಿದ್ದರೆ 16 ಹಾಕಿಸಿ, ನನ್ನ ಅಡ್ಡಿ ಇಲ್ಲ.

ಈಗ ಪೇಜ್ ಫೈಲ್ ವಿಷಯ. ರ್ಯಾಮ್ ತುಂಬಿದಾಗ ವಿಂಡೋಸ್ ಒಂದಿಷ್ಟನ್ನು ಡಿಸ್ಕ್‌ಗೆ ಇಳಿಸುವ ಜಾಗ ಅದು. ಅದನ್ನು ಪೂರ್ತಿ ಆಫ್ ಮಾಡಿದರೆ ರೆಕಾರ್ಡಿಂಗ್ ಚೆನ್ನಾಗಿ ಬರುತ್ತೆ ಅಂತ ಹೇಳುವವರಿದ್ದಾರೆ. ಮಾಡಬೇಡಿ. ಪ್ರೋಗ್ರಾಂಗಳಿಗೆ ವಿಂಡೋಸ್ ಕೊಡುತ್ತೇನೆ ಅಂತ ಒಪ್ಪಿಕೊಳ್ಳಬಹುದಾದ ಒಟ್ಟು ಮೆಮೊರಿ ಅಂದರೆ ರ್ಯಾಮ್ ಮತ್ತು ಪೇಜ್ ಫೈಲ್ ಎರಡೂ ಸೇರಿ. ಆಫ್ ಮಾಡಿದರೆ ಮಿತಿ ಇಳಿಯುತ್ತೆ, ಮಿತಿ ಮುಟ್ಟಿದ ದಿನ ಸಾಫ್ಟ್‌ವೇರ್ ನಡುವೆಯೇ ಮುಚ್ಚಿಕೊಳ್ಳುತ್ತೆ. ಎಸ್‌ಎಸ್‌ಡಿ ಮೇಲೆ ಇರಲಿ, ಸೈಜ್ ವಿಂಡೋಸೇ ನೋಡಿಕೊಳ್ಳಲಿ.

ಇಂಥ ಸಲಹೆಗಳು ಎಲ್ಲಿಂದ ಬಂದವು ಅಂತ ಹುಡುಕಿದರೆ ತಮಾಷೆ ಅನ್ನಿಸುತ್ತೆ. ವಿಂಡೋಸ್ 98 ಕಾಲದಲ್ಲಿ ಸಿಸ್ಟಮ್ ಡಾಟ್ ಐಎನ್ಐ ಅನ್ನುವ ಫೈಲ್ ತೆರೆದು ವಿಕ್ಯಾಶ್ ಅನ್ನುವ ಜಾಗದಲ್ಲಿ ಡಿಸ್ಕ್ ಕ್ಯಾಶ್‌ಗೆ, ಅಂದರೆ ಡಿಸ್ಕ್‌ನ ಮಾಹಿತಿಯನ್ನು ರ್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ, ಮಿತಿ ಹಾಕುತ್ತಿದ್ದರು. ಆಗ ಅದಕ್ಕೆ ಅರ್ಥ ಇತ್ತು. 512 ಎಂಬಿಗಿಂತ ಜಾಸ್ತಿ ರ್ಯಾಮ್ ಇದ್ದರೆ ಆ ಕ್ಯಾಶ್ ಹಿಗ್ಗಿ, ಮೆಮೊರಿ ಇದ್ದರೂ ಇಲ್ಲ ಅಂತ ವಿಂಡೋಸ್ ಹೇಳುತ್ತಿತ್ತು. ಆಮೇಲೆ 32 ಬಿಟ್ ಕಾಲ. ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ 2 ಜಿಬಿಗಿಂತ ಜಾಸ್ತಿ ಸಿಗುತ್ತಿರಲಿಲ್ಲ, 3 ಮಾಡೋಕೆ ಬೂಟ್ ಫೈಲ್ ತಿದ್ದಬೇಕಿತ್ತು. ಈಗಿನ 64 ಬಿಟ್ ವಿಂಡೋಸ್‌ಗೆ ಇದ್ಯಾವುದೂ ಬೇಡ. ಆದರೂ ಆ ಸಲಹೆಗಳು ಒಬ್ಬರಿಂದ ಒಬ್ಬರಿಗೆ ದಾಟಿ ನಮ್ಮ ವಾಟ್ಸಾಪ್ ಗುಂಪಿಗೂ ಬಂದಿವೆ. ಪ್ರೊಸೆಸರ್ ಷೆಡ್ಯೂಲಿಂಗ್‌ನಲ್ಲಿ ಬ್ಯಾಕ್‌ಗ್ರೌಂಡ್ ಸರ್ವಿಸಸ್ ಆಯ್ದುಕೊಳ್ಳಿ ಅನ್ನೋದೂ ಆ ಕಾಲದ್ದೇ. ಅದರಿಂದ ಹಾನಿ ಇಲ್ಲ, ಬೇಕಾದರೆ ಇಟ್ಟು ನೋಡಿ. ಈಗಿನ ಯಂತ್ರಗಳಲ್ಲಿ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ.

ರ್ಯಾಮ್ ಕ್ಲೀನರ್ ಅಂತ ಬರುವ ಸಾಫ್ಟ್‌ವೇರ್‌ಗಳನ್ನು ಮಾತ್ರ ಕಿತ್ತುಹಾಕಿ. ಅವು ರ್ಯಾಮ್‌ನಲ್ಲಿ ಇದ್ದದ್ದನ್ನು ಹೊರಗೆ ದಬ್ಬಿ, ನೋಡಿ ಎಷ್ಟು ಖಾಲಿ ಆಯಿತು ಅಂತ ತೋರಿಸುತ್ತವೆ. ಮರುಗಳಿಗೆ ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಅದನ್ನೇ ಕೇಳುತ್ತೆ. ಮತ್ತೆ ಡಿಸ್ಕ್‌ನಿಂದ ತರಬೇಕು. ರೆಕಾರ್ಡಿಂಗ್ ನಡುವೆ ಆಗಬಾರದ ಕೆಲಸ ಏನಾದರೂ ಇದ್ದರೆ ಇದೇ.

ಒಬ್ಬರು ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್ ಬಗ್ಗೆ ಕೇಳಿದರು. ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಸ್ಟುಡಿಯೋ ಅನ್ನುವ ಲಿನಕ್ಸ್ ಹಾಕಿಕೊಂಡವರು ಇಲ್ಲೂ ಇದ್ದೀರಿ ಅಂತ ಗೊತ್ತಾಗಿ ಖುಷಿ ಆಯಿತು. ಅಲ್ಲಿ ಮೆಮೊರಿ ಸೆಟ್ಟಿಂಗ್ ಅನ್ನೋ ಮಾತಿಗೆ ನಿಜವಾಗಿ ಕೆಲಸ ಇದೆ. ಆಡಿಯೋ ಪ್ರೋಗ್ರಾಂ ತನ್ನ ಮೆಮೊರಿಯನ್ನು ರ್ಯಾಮ್‌ನಲ್ಲೇ ಬೀಗ ಹಾಕಿ ಇಟ್ಟುಕೊಳ್ಳಬಹುದು, ಡಿಸ್ಕ್‌ಗೆ ಇಳಿಸೋಕೆ ಬಿಡಲ್ಲ. ಅದಕ್ಕೆ ನಿಮ್ಮ ಯೂಸರ್ ಆಡಿಯೋ ಗುಂಪಿನಲ್ಲಿ ಇರಬೇಕು, ಆ ಗುಂಪಿಗೆ ಮೆಮ್‌ಲಾಕ್ ಮಿತಿ (ಎಷ್ಟು ಮೆಮೊರಿಗೆ ಬೀಗ ಹಾಕಬಹುದು ಅನ್ನೋದು) ತೆಗೆದಿರಬೇಕು, ರಿಯಲ್‌ಟೈಮ್ ಆದ್ಯತೆ ಕೊಟ್ಟಿರಬೇಕು. ಉಬುಂಟು ಸ್ಟುಡಿಯೋದಲ್ಲಿ ಇದಕ್ಕೆ ಸಿದ್ಧ ಏರ್ಪಾಡು ಇದೆ. ಮಾಮೂಲಿ ಉಬುಂಟು ಆದರೆ ಲಿಮಿಟ್ಸ್ ಫೈಲ್‌ನಲ್ಲಿ ನೀವೇ ಬರೆಯಬೇಕು. ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಎಷ್ಟು ಬೇಗ ಇಳಿಸಬೇಕು ಅನ್ನುವ ಸಂಖ್ಯೆ ಸ್ವಾಪಿನೆಸ್. ಅದು ಸಾಮಾನ್ಯವಾಗಿ 60 ಇರುತ್ತೆ, 10ಕ್ಕೆ ಇಳಿಸಿದರೆ ಡಿಸ್ಕ್ ಕಡೆ ಬೇಗ ಓಡಲ್ಲ.

ಇನ್ನೊಂದು ಪ್ರಶ್ನೆ ಚೆನ್ನಾಗಿತ್ತು: "ರಾತ್ರಿ ಪೂರಾ ಭಜನಿ ಇರ್ತದ ಸರ್, ಒಂದೇ ಫೈಲ್‌ನಾಗ ರೆಕಾರ್ಡ್ ಮಾಡಬಹುದೇನು?" ಮಾಮೂಲಿ ವೇವ್ ಫೈಲ್‌ಗೆ 4 ಜಿಬಿ ಮಿತಿ ಇದೆ. ಅದಕ್ಕೂ ರ್ಯಾಮ್‌ಗೂ ಸಂಬಂಧ ಇಲ್ಲ, ಆ ಫೈಲ್‌ನ ರಚನೆಯೇ ಹಾಗೆ. 24 ಬಿಟ್, 48,000, ಸ್ಟೀರಿಯೋದಲ್ಲಿ ಸುಮಾರು ನಾಲ್ಕು ಗಂಟೆಗೆ 4 ಜಿಬಿ ತುಂಬುತ್ತೆ. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಎರಡು ಗಂಟೆ ಸುಮಾರಿಗೆ, ಭಜನೆ ಕಾವೇರಿದ ಹೊತ್ತಿಗೇ. ಕೈಯಲ್ಲಿ ಹಿಡಿಯುವ ರೆಕಾರ್ಡರ್‌ಗಳಲ್ಲಿ ಕೆಲವು 2 ಜಿಬಿಗೇ ಹೊಸ ಫೈಲ್ ಶುರು ಮಾಡುತ್ತವೆ. ರೀಪರ್‌ನಂಥದ್ದರಲ್ಲಿ ದೊಡ್ಡ ಫೈಲ್‌ಗೆ ಆರ್‌ಎಫ್ 64 ಅಥವಾ ವೇವ್ 64 ಆರಿಸಿಕೊಳ್ಳಬಹುದು. ನನ್ನ ಕೇಳಿದರೆ ಮಂಗಳಾರತಿಗೋ ಚಹಾಕ್ಕೋ ಎದ್ದಾಗ ನಿಲ್ಲಿಸಿ, ಹೊಸ ಫೈಲ್ ಶುರು ಮಾಡಿ. ಕರೆಂಟ್ ಹೋಗಿ ಕೆಟ್ಟರೂ ಒಂದು ತುಂಡು ಮಾತ್ರ ಕೆಡುತ್ತೆ. ಫೈಲ್‌ಗಳನ್ನು ತಾನಾಗಿ ಇಂಟರ್ನೆಟ್‌ಗೆ ಏರಿಸುವ ಫೋಲ್ಡರ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಪೆನ್‌ಡ್ರೈವ್‌ಗೆ ನೇರವಾಗಿಯೂ ಬೇಡ.

ಈಗ ಲ್ಯಾಪ್‌ಟಾಪ್ ತಂದವರು ಮುಂದೆ ಬನ್ನಿ. ಲೇಟೆನ್ಸಿಮಾನ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ತಂದಿದ್ದೇನೆ. ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ಬುಟ್ಟಿ ತಡ ಮಾಡುತ್ತಿದೆ ಅಂತ ಹೆಸರು ಹಿಡಿದು ಹೇಳುತ್ತೆ, ಹಾರ್ಡ್ ಫಾಲ್ಟ್ ಎಷ್ಟು ಅಂತಲೂ ಎಣಿಸುತ್ತೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಡ್ರೈವರ್ ಹೆಸರೇ ಮೇಲೆ ಬರುತ್ತೆ. ಹಾಗಾಗಿ ಮೊದಲು ವೈಫೈ ಆನ್ ಇಟ್ಟು ನೋಡೋಣ, ಆಮೇಲೆ ಆಫ್ ಮಾಡಿ. ಚಾರ್ಜರ್ ಅಲ್ಲೇ ಬಿಟ್ಟು ಬನ್ನಿ, ಬ್ಯಾಟರಿ ಮೇಲೇ ಪರೀಕ್ಷೆ ಮಾಡೋಣ.